ಧೂಪದ ಬೀಜ ಕಾಯುವುದಿಲ್ಲ: ಹಿತ್ತಲ ಹಾಡಿಯಲ್ಲಿ ಮಳೆಕಾಡು ಕೇಂದ್ರದ ಕೆಲಸ

ಉಡುಪಿಯಿಂದ ಹೆಬ್ರಿ, ಸೋಮೇಶ್ವರ ದಾಟಿ ಘಾಟಿಯ ತಿರುವುಗಳನ್ನು ಹತ್ತಿದರೆ ಸುಮಾರು 55 ಕಿಲೋಮೀಟರಿಗೆ ಆಗುಂಬೆ ಸಿಗುತ್ತದೆ. ಸಮುದ್ರಮಟ್ಟದಿಂದ 650 ಮೀಟರ್ ಆಸುಪಾಸಿನ ಎತ್ತರದಲ್ಲಿದ್ದು ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಕಾಣುವ ಆ ಊರಿನಲ್ಲಿ ಉರಗತಜ್ಞ ರೋಮ್ಯುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರವೊಂದನ್ನು ಸ್ಥಾಪಿಸಿದರು. ಕಾಳಿಂಗ ಸರ್ಪದ ದೇಹದೊಳಗೆ ಪುಟ್ಟ ರೇಡಿಯೋ ಪ್ರೇಷಕವನ್ನಿಟ್ಟು ಅದರ ಓಡಾಟವನ್ನು ಹಿಂಬಾಲಿಸುವ ಅಧ್ಯಯನ 2008ರಲ್ಲಿ ಅಲ್ಲಿಂದ ಆರಂಭವಾಯಿತು. ಪಶ್ಚಿಮ ಘಟ್ಟದ ಕಾಳಿಂಗವು ಪ್ರತ್ಯೇಕ ಪ್ರಭೇದವೆಂದು 2024ರಲ್ಲಿ ವಿಜ್ಞಾನಿಗಳು ವಿವರಿಸಿದಾಗ, ಅದರ ವೈಜ್ಞಾನಿಕ ಹೆಸರಿನಲ್ಲಿಯೂ ನಮ್ಮ ‘ಕಾಳಿಂಗ’ ಎಂಬ ಮಾತೇ ಕೂತಿತು.

ಮಳೆಕಾಡಿನ ಸಂಶೋಧನಾ ಕೇಂದ್ರವೆಂದೊಡನೆ ಹಾವು, ಟಾರ್ಚು, ರಾತ್ರಿ ನಡಿಗೆ ಎಂದು ನಾವು ಊಹಿಸಿಕೊಳ್ಳುವುದು ಸಹಜ. ಆದರೆ ಇಂತಹ ಕೇಂದ್ರಗಳ ಕೆಲಸದ ಬಹುಪಾಲು ಅಷ್ಟು ರೋಚಕವಲ್ಲ. ಅದೇ ಹಾದಿಯಲ್ಲಿ, ಅದೇ ತಾರೀಖಿಗೆ ಹೋಗಿ, ಅದೇ ಮರವನ್ನು ನೋಡಿ, ಕಂಡದ್ದನ್ನು ಬರೆದುಕೊಂಡು ಬರುವುದೇ ಅದರ ಬೆನ್ನೆಲುಬು. ಪನಾಮಾ ದೇಶದ ಬ್ಯಾರೋ ಕೊಲರಾಡೋ ದ್ವೀಪದಲ್ಲಿ 50 ಹೆಕ್ಟೇರ್ ಕಾಡನ್ನು ಗುರುತಿಸಿ, ಒಂದು ಸೆಂಟಿಮೀಟರ್ ವ್ಯಾಸಕ್ಕಿಂತ ದಪ್ಪಗಿರುವ ಒಂದೊಂದು ಕಾಂಡವನ್ನೂ 1980ರ ದಶಕದ ಆರಂಭದಿಂದ ಸುಮಾರು ಐದು ವರ್ಷಕ್ಕೊಮ್ಮೆ ಅಳೆಯುತ್ತ ಬಂದಿದ್ದಾರೆ. ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ವಿಜ್ಞಾನಿಗಳು ಚಹಾ, ಕಾಫಿ ತೋಟಗಳ ನಡುವೆ ಉಳಿದಿರುವ ಕಾಡಿನ ತುಣುಕುಗಳಲ್ಲಿ ಸ್ಥಳೀಯ ಮರಗಳ ಸಸಿ ನೆಟ್ಟು ಕಾಡನ್ನು ಪುನಃ ಕಟ್ಟುವ ಕೆಲಸವನ್ನು ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ನಡೆಸಿದ್ದಾರೆ.

ಈ ಕೆಲಸದಲ್ಲಿ ದುಬಾರಿ ಉಪಕರಣ ಬೇಡದ, ಪದವಿಯೂ ಬೇಡದ ಭಾಗವೊಂದಿದೆ: ಮರವನ್ನು ಗಮನಿಸುವುದು, ಬೀಜ ಹೆಕ್ಕುವುದು, ಸಸಿ ಬೆಳೆಸುವುದು, ನೆಟ್ಟು ಲೆಕ್ಕ ಇಡುವುದು. ಹತ್ತಿಪ್ಪತ್ತು ಸೆಂಟ್ಸ್ ಹಾಡಿಯೋ (ಮನೆಯ ಬಳಿಯ ಸಣ್ಣ ಕಾಡು), ಕುಟುಂಬದ ಬನದ ಅಂಚೋ ಇರುವ ಕರಾವಳಿಯ ಮನೆಯವರು ಇದನ್ನು ಮಾಡಬಹುದು. ಹೇಗೆಂದು ನನ್ನ ಅನುಭವದಿಂದ, ಅದರಲ್ಲಿಯೂ ಹೆಚ್ಚಾಗಿ ನನ್ನ ತಪ್ಪುಗಳಿಂದ, ಇಲ್ಲಿ ಬರೆಯುತ್ತಿದ್ದೇನೆ. ಇಡೀ ಕೆಲಸದಲ್ಲಿ ನಾನು ತಡವಾಗಿ ಕಲಿತ ಸಂಗತಿ ಒಂದೇ. ವನಮಹೋತ್ಸವದ ತಾರೀಖನ್ನು ನಾವು ನಿಗದಿ ಮಾಡಬಹುದು, ಬೀಜದ ತಾರೀಖನ್ನು ಮರವೇ ನಿಗದಿ ಮಾಡುತ್ತದೆ.

ಎಲ್ಲಿ ನೆಡಬೇಕು, ಎಲ್ಲಿ ನೆಡಬಾರದು

ಮೊದಲು ನೆಡಬಾರದ ಜಾಗವನ್ನು ಹೇಳುತ್ತೇನೆ, ಏಕೆಂದರೆ ಉತ್ಸಾಹಿಗಳು ಎಡವುವುದು ಅಲ್ಲಿಯೇ. ನಮ್ಮ ಪದವುಗಳು, ಅಂದರೆ ಮುರಕಲ್ಲಿನ ಬಯಲುಗಳು, ಬೇಸಿಗೆಯಲ್ಲಿ ಬೋಳಾಗಿ ಕಾಣುವುದರಿಂದ ‘ಇಲ್ಲಿ ಕಾಡು ಮಾಡಬಹುದಿತ್ತು’ ಎಂದು ಎಲ್ಲರಿಗೂ ಅನಿಸುತ್ತದೆ. ಆ ಬಯಲಿಗೆ ಜುಲೈಯಲ್ಲಿ ಒಮ್ಮೆ ಹೋಗಿ ನೋಡಬೇಕು. ಅಂಗೈ ಆಳದ ನೀರಿನಲ್ಲಿ ಹುಳ ಹಿಡಿಯುವ ನೀಲಿ ಹೂವಿನ ಪುಟ್ಟ ಗಿಡಗಳು, ಬಿಳಿ ಗುಂಡಿಯಂತಹ ಹೂವಿನ ಹುಲ್ಲುಗಳು, ಕಪ್ಪೆಮರಿಗಳು ತುಂಬಿಕೊಂಡಿರುತ್ತವೆ. 2016ರಲ್ಲಿ ಮಣಿಪಾಲದ ಸುತ್ತಮುತ್ತಲಿನ ಇಂತಹ ಮುರಕಲ್ಲಿನ ನೆಲದಲ್ಲಿ ಸಿಕ್ಕಿದ ಉಗುರಿನಷ್ಟು ಸಣ್ಣ ಕಪ್ಪೆಯೊಂದು ವಿಜ್ಞಾನಕ್ಕೆ ಹೊಸದಾಗಿತ್ತು. ಅದಕ್ಕೆ ‘ಮೈಕ್ರೋಹೈಲಾ ಲ್ಯಾಟರೈಟ್’ ಎಂದು ಆ ಕಲ್ಲಿನ ಹೆಸರನ್ನೇ ಇಟ್ಟರು. ಎರಡು ವರ್ಷಗಳ ಬಳಿಕ ಮಂಗಳೂರು ನಗರದೊಳಗೇ ಕಂಡ ಅದರ ಬಂಧುವಿಗೆ ‘ಕೊಡಿಯಾಲ್’ ಎಂಬ ಹೆಸರು ಬಂತು. ಪದವು ಕಡಿದು ಹೋದ ಕಾಡಲ್ಲ, ಅದು ಬೇರೆಯೇ ಒಂದು ಜೀವಲೋಕ. ಅಲ್ಲಿ ಗುಂಡಿ ತೋಡಿ ಮರ ನೆಡುವುದು ಸಂರಕ್ಷಣೆಯಲ್ಲ.

ನೆಡಲು ತಕ್ಕ ಜಾಗವೆಂದರೆ ಹಿಂದೆ ಕಾಡಿದ್ದು ಈಗ ಕ್ಷೀಣಿಸಿರುವ ಹಾಡಿ, ತೋಟದ ಮೇಲಿನ ಗುಡ್ಡದ ಇಳಿಜಾರು, ತೋಡಿನ ದಂಡೆ, ಕಡಿದ ಅಕೇಶಿಯಾದ ಜಾಗ. ಇವುಗಳಲ್ಲಿಯೂ ಮೊದಲ ಕೆಲಸ ನೆಡುವುದಲ್ಲ. ಹಟ್ಟಿಗೆಂದೋ ಅಡಿಕೆಮರದ ಬುಡಕ್ಕೆಂದೋ ತರಗೆಲೆ ಗುಡಿಸುವುದನ್ನು ಆ ತುಂಡು ಜಾಗದಲ್ಲಿ ಮಾತ್ರ ನಿಲ್ಲಿಸಬೇಕು. ತರಗೆಲೆಯ ಜೊತೆ ಪ್ರತಿವರ್ಷ ಬೀಜ, ಮೊಳಕೆ ಎಲ್ಲವೂ ಹೆಡಿಗೆ ಸೇರುತ್ತವೆ. ಒಂದು ಮಳೆಗಾಲ ಗುಡಿಸದೆ, ದನ ಬಿಡದೆ, ಬೆಂಕಿ ತಾಗದಂತೆ ನೋಡಿಕೊಂಡರೆ ತಾನಾಗಿ ಎಷ್ಟು ಸಸಿ ಏಳುತ್ತವೆಂಬುದು ತಿಳಿಯುತ್ತದೆ. ಹತ್ತಿರದಲ್ಲಿ ತಾಯಿಮರಗಳಿದ್ದರೆ ಕೆಲವೊಮ್ಮೆ ನೆಡುವ ಅಗತ್ಯವೇ ಬೀಳದು. ಜಾಗ ಕುಮ್ಕಿಯಾಗಿದ್ದರೆ ಅದು ಸರಕಾರಿ ಭೂಮಿ, ನಮಗಿರುವುದು ಕೆಲವು ಸೌಲಭ್ಯಗಳು ಮಾತ್ರ ಎಂಬುದನ್ನು ನೆನಪಿಟ್ಟುಕೊಂಡು, ಬೇಲಿ ಹಾಕುವ ಮೊದಲು ಕಂದಾಯ ಇಲಾಖೆಯಲ್ಲಿ ವಿಚಾರಿಸಬೇಕು.

ನಾಗಬನದ ವಿಷಯ ಸೂಕ್ಷ್ಮವಾದುದು. ಸುತ್ತ ಕಾಂಕ್ರೀಟಿನ ಕಟ್ಟೆ ಬಂದು ಬನವೆಂಬ ಹೆಸರು ಮಾತ್ರ ಉಳಿದ ಕಡೆಗಳು ನಮ್ಮ ಜಿಲ್ಲೆಗಳಲ್ಲಿ ಕಡಿಮೆಯಿಲ್ಲ. ಹಾಗೆಂದು ನಾವು ಗುದ್ದಲಿ ಹಿಡಿದು ಒಳಗೆ ಹೋಗುವಂತೆಯೂ ಇಲ್ಲ. ಕುಟುಂಬದ ಹಿರಿಯರನ್ನೂ ಪೂಜೆ ಮಾಡುವವರನ್ನೂ ಕೇಳಿ, ಬನದ ಗಡಿಯ ಹೊರಗೆ ಮೂರು ನಾಲ್ಕು ಮೀಟರ್ ಅಗಲದ ಪಟ್ಟಿಯೊಂದನ್ನು ಬಿಡಿಸಿಕೊಂಡು ಅಲ್ಲಿ ನೆಡುವುದು ಒಳ್ಳೆಯದು. ಬನದೊಳಗಿನ ಹಳೆಯ ಮರಗಳು ಬೀಜ ಕೊಡುತ್ತವೆ, ಹೊರಗಿನ ಪಟ್ಟಿ ಆ ಬೀಜಕ್ಕೆ ನೆಲ ಕೊಡುತ್ತದೆ.

ಮೊದಲ ವರ್ಷ ಬರೀ ನೋಡುವುದು

ಈ ಮಾತು ಯಾರಿಗೂ ಹಿಡಿಸುವುದಿಲ್ಲ. ನನಗೂ ಹಿಡಿಸಿರಲಿಲ್ಲ. ಆದರೂ ಮೊದಲ ವರ್ಷ ಒಂದು ಸಸಿಯನ್ನೂ ನೆಡದೆ, ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಮರಗಳನ್ನು ಮಾತ್ರ ಗಮನಿಸಬೇಕು. ಆರೆಂಟು ಜಾತಿಗಳನ್ನು ಆರಿಸಿ, ಸಾಧ್ಯವಾದರೆ ಜಾತಿಗೆ ಐದರಂತೆ ಮರಗಳನ್ನು ಗೊತ್ತುಮಾಡಿಕೊಂಡು, ಹದಿನೈದು ದಿನಕ್ಕೊಮ್ಮೆ ಒಂದೇ ಕ್ರಮದಲ್ಲಿ ಭೇಟಿ ಕೊಡಬೇಕು. ಚಿಗುರು, ಮೊಗ್ಗು, ಹೂವು, ಕಾಯಿ, ಹಣ್ಣು ಇವುಗಳಲ್ಲಿ ಪ್ರತಿಯೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಕ್ರಮ ಸಂಶೋಧಕರಲ್ಲಿ ಬಳಕೆಯಲ್ಲಿದೆ. ಇಲ್ಲವಾದರೆ ಸೊನ್ನೆ, ಕಾಲುಭಾಗದಷ್ಟಿದ್ದರೆ ಒಂದು, ಮರ ತುಂಬಿದ್ದರೆ ನಾಲ್ಕು. ‘ಇಲ್ಲ’ ಎಂಬುದನ್ನೂ ಬರೆಯಲೇಬೇಕು. ಖಾಲಿ ಬಿಟ್ಟ ಜಾಗಕ್ಕೂ ಸೊನ್ನೆಗೂ ಬಹಳ ವ್ಯತ್ಯಾಸವಿದೆ. ಖಾಲಿ ಎಂದರೆ ನಾವು ಆ ದಿನ ಹೋಗಿಲ್ಲ ಎಂದರ್ಥ, ಸೊನ್ನೆ ಎಂದರೆ ಹೋಗಿ ನೋಡಿದೆವು, ಇರಲಿಲ್ಲ ಎಂದರ್ಥ. ಇದೇ ಮಾಹಿತಿಯನ್ನು ದೇಶದಾದ್ಯಂತ ಒಟ್ಟುಗೂಡಿಸುವ ‘ಸೀಸನ್‌ವಾಚ್’ ಎಂಬ ನಾಗರಿಕ ವಿಜ್ಞಾನ ಯೋಜನೆಗೂ ಕಳುಹಿಸಬಹುದು.

ಮರಗಳ ಗುರುತು ಸಿಗದಿದ್ದರೆ ಮಂಗಳೂರು ಬಳಿಯ ಮೂಡುಶೆಡ್ಡೆಯಲ್ಲಿರುವ ಪಿಲಿಕುಳ ನಿಸರ್ಗಧಾಮದ ಸಸ್ಯವನದಲ್ಲಿ ಒಂದು ದಿನ ಕಳೆಯುವುದು ಉಪಯುಕ್ತ. ಪಶ್ಚಿಮ ಘಟ್ಟದ ಮರಗಳನ್ನು ಅಲ್ಲಿ ಬೆಳೆಸಿದ್ದಾರೆ. ಹೆಸರನ್ನು ಬರೆದುಕೊಳ್ಳುವಾಗ ತುಳು, ಕನ್ನಡ, ವೈಜ್ಞಾನಿಕ ಹೆಸರು ಮೂರನ್ನೂ ಬರೆಯಬೇಕು, ಏಕೆಂದರೆ ಒಂದೇ ಹೆಸರು ಉಡುಪಿಯಲ್ಲಿ ಒಂದು ಮರಕ್ಕೂ ಶಿರಸಿಯಲ್ಲಿ ಇನ್ನೊಂದಕ್ಕೂ ಇರುವುದುಂಟು.

ಮಳೆಯನ್ನೂ ಅಳೆಯಬೇಕು. ಮೇಲಿನಿಂದ ಕೆಳಗಿನವರೆಗೆ ಒಂದೇ ಅಗಲವಿರುವ ಯಾವ ಪಾತ್ರೆಯಾದರೂ ಸಾಕು. ಮರ, ಮಾಡು ಅಡ್ಡ ಬರದ ಕಡೆ ಅದನ್ನು ನೆಟ್ಟಗೆ ನಿಲ್ಲಿಸಿ, ಹವಾಮಾನ ಇಲಾಖೆಯವರಂತೆ ಬೆಳಿಗ್ಗೆ 8.30ಕ್ಕೆ ನೀರಿನ ಆಳವನ್ನು ಮಿಲಿಮೀಟರಿನಲ್ಲಿ ಅಳೆದು ಚೆಲ್ಲಬೇಕು. ನಮ್ಮ ಕಡೆಯ ಜಡಿಮಳೆಗೆ ಸಣ್ಣ ಪಾತ್ರೆ ಒಂದೇ ರಾತ್ರಿಗೆ ತುಂಬಿ ಹರಿಯುತ್ತದೆ, ಆದ್ದರಿಂದ ಕನಿಷ್ಠ 30 ಸೆಂಟಿಮೀಟರ್ ಎತ್ತರದ್ದನ್ನೇ ಆರಿಸಬೇಕು. ತಲೆಮಾರುಗಳಿಂದ ಮಳೆಯ ಲೆಕ್ಕ ಬರೆದಿಟ್ಟಿರುವ ಅಡಿಕೆ ಕೃಷಿಕರು ನಮ್ಮಲ್ಲಿದ್ದಾರೆ. ಅಂತಹ ಹಳೆಯ ಡೈರಿ ನಿಮ್ಮ ಮನೆಯ ಅಟ್ಟದಲ್ಲಿದ್ದರೆ ಅದನ್ನು ಗೆದ್ದಲಿಗೆ ಬಿಡದೆ ಕೆಳಗಿಳಿಸಿ.

ಬೀಜ

ಭತ್ತ, ಉದ್ದು, ಹೆಸರು ಬೀಜಗಳನ್ನು ಒಣಗಿಸಿ, ಮುಡಿ ಕಟ್ಟಿ, ಮುಂದಿನ ವರ್ಷದವರೆಗೆ ಇಟ್ಟು ಅಭ್ಯಾಸವಾದ ನಮ್ಮ ಕೈಗಳಿಗೆ ಮಳೆಕಾಡಿನ ಬೀಜ ಬೇರೆಯೇ ಪಾಠ ಕಲಿಸುತ್ತದೆ. ಒಣಗಿಸಿದರೆ ಬದುಕುವ ಬೀಜಗಳದ್ದು ಒಂದು ಗುಂಪು, ಒಣಗಿಸಿದರೆ ಸಾಯುವವುಗಳದ್ದು ಇನ್ನೊಂದು. ಸಸ್ಯವಿಜ್ಞಾನಿ ಇ. ಎಚ್. ರಾಬರ್ಟ್ಸ್ 1973ರಲ್ಲಿ ಈ ಎರಡು ಗುಂಪುಗಳಿಗೆ ಬೇರೆ ಬೇರೆ ಹೆಸರಿಟ್ಟರು. ಎರಡನೆಯ ಗುಂಪನ್ನು ಕನ್ನಡದಲ್ಲಿ ಹಟಮಾರಿ ಬೀಜಗಳೆನ್ನಬಹುದು. ಬೇಸಿಗೆಯ ಕೊನೆಗೆ ಬಿದ್ದು ಮಳೆಯ ಮೊದಲ ವಾರಗಳಲ್ಲಿಯೇ ಮೊಳೆಯುವ ಮರಕ್ಕೆ ಬೀಜವನ್ನು ಒಣಗಿಸಿ ಕಾಪಿಡುವ ಅಗತ್ಯ ಬಂದದ್ದೇ ಇಲ್ಲ. ಅದರ ಬೀಜ ನೀರು ತುಂಬಿಕೊಂಡು, ಉಸಿರಾಡುತ್ತ, ಬೆಳೆಯಲು ಸಿದ್ಧವಾಗಿಯೇ ಕೆಳಗೆ ಬೀಳುತ್ತದೆ. ಆ ನೀರು ಆರಿದರೆ ಒಳಗಿನ ಜೀವವೂ ಆರುತ್ತದೆ. ನಮ್ಮ ಕರಾವಳಿಯ ಧೂಪ, ಹೈಗ, ಕಿರಾಳ್‌ಬೋಗಿ, ಹೆಬ್ಬಲಸು, ರಾಂಪತ್ರೆ ಮರಗಳ ಬೀಜಗಳೆಲ್ಲವೂ ಈ ಗುಂಪಿನವು.

ನಾನು ಮೊದಲ ಸಲ ಹಳೆಯ ರಸ್ತೆ ಬದಿಯ ಸಾಲುಧೂಪದ ಮರದಡಿಯಿಂದ ಒಂದು ಗೋಣಿ ಬೀಜ ತಂದು, ಶಿಲೀಂಧ್ರ ಬಾರದಿರಲೆಂದು ಅಂಗಳದಲ್ಲಿ ಕಾಳುಮೆಣಸಿನ ಹಾಗೆ ನಾಲ್ಕು ದಿನ ಬಿಸಿಲಿಗೆ ಹರಡಿದೆ. ಸ್ವಲ್ಪ ಬೀಜವನ್ನು ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿಯೂ ಇಟ್ಟೆ. ಬಿಸಿಲಿಗೆ ಹಾಕಿದ್ದರಲ್ಲಿ ಒಂದೂ ಮೊಳೆಯಲಿಲ್ಲ. ಫ್ರಿಜ್ಜಿನದ್ದು ಒಳಗೆ ಕಪ್ಪಾಗಿತ್ತು, ಏಕೆಂದರೆ ಉಷ್ಣವಲಯದ ಇಂತಹ ಬೀಜಗಳಿಗೆ ಒಣಗುವುದು ಎಷ್ಟು ಆಗದೋ ಚಳಿಯೂ ಅಷ್ಟೇ ಆಗದು. ಅದೇ ಹೊತ್ತಿಗೆ ಗೋಣಿಯಿಂದ ಜಾರಿ ಬಚ್ಚಲಿನ ಹಿಂದಿನ ಕೆಸರಿಗೆ ಬಿದ್ದಿದ್ದ ಐದಾರು ಬೀಜಗಳು ಮೂರು ವಾರದೊಳಗೆ ಕೆಂಪು ಚಿಗುರು ಬಿಟ್ಟು ನಿಂತಿದ್ದವು. ಆ ವರ್ಷ ನನಗಿದ್ದ ಧೂಪದ ಸಸಿಗಳು ಅಷ್ಟೇ.

ಆದ್ದರಿಂದ ಹೆಕ್ಕಿದ ದಿನವೇ ಬಿತ್ತುವುದು ಇಲ್ಲಿನ ಮೊದಲ ನಿಯಮ. ಸಾಧ್ಯವಾಗದಿದ್ದರೆ ಒದ್ದೆ ತೆಂಗಿನ ನಾರಿನ ಪುಡಿಯಲ್ಲಿ ಅಥವಾ ಒದ್ದೆ ತರಗೆಲೆಯಲ್ಲಿ ಸುತ್ತಿ, ಗಾಳಿಯಾಡುವ ಬಟ್ಟೆಯ ಚೀಲದಲ್ಲಿಟ್ಟು ನೆರಳಿನಲ್ಲಿ ಎರಡು ಮೂರು ದಿನ ಉಳಿಸಬಹುದು. ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಬೀಜ ಬೆಂದಂತಾಗುತ್ತದೆ. ಸಸಿಮಡಿಯನ್ನು ಬೀಜ ತರುವ ಮೊದಲೇ ಸಿದ್ಧಪಡಿಸಿರಬೇಕು ಎಂದು ಪ್ರತ್ಯೇಕವಾಗಿ ಹೇಳಬೇಕಾಗಿಲ್ಲವಾದರೂ, ನಮ್ಮಲ್ಲಿ ಹೆಚ್ಚಿನವರು ಬೀಜ ತಂದ ಮೇಲೆ ಮರಳು ಹುಡುಕಲು ಹೊರಡುತ್ತಾರೆ.

ಹೆಕ್ಕುವ ಕಾಲಕ್ಕೆ ತುಳುನಾಡಿನಲ್ಲಿ ಒಳ್ಳೆಯ ಗುರುತೊಂದಿದೆ. ಬೇಸ್ಯ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿಗೆ ಬರುವ ಪತ್ತನಾಜೆಗೆ ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಮಳೆಕಾಡಿನ ಬೀಜದ ಕೆಲಸ ಭರದಿಂದ ಆರಂಭವಾಗುವುದು ಸರಿಸುಮಾರು ಅಲ್ಲಿಂದಲೇ. ಹೈಗದ ಎರಡು ರೆಕ್ಕೆಯ ಕಾಯಿಗಳು ಗಾಳಿಗೆ ತಿರುಗುತ್ತ ಬೀಳುವುದು, ಹೆಬ್ಬಲಸು ಹಣ್ಣಾಗಿ ಮಂಗಗಳು ಕೆಡಹುವುದು, ನೇರಳೆ ದಾರಿಯನ್ನು ನೇರಳೆ ಮಾಡುವುದು, ಧೂಪದ ಕಾಯಿ ಬಿರಿಯುವುದು, ಎಲ್ಲವೂ ಮೇ ನಡುವಿನಿಂದ ಜುಲೈ ನಡುವಿನವರೆಗೆ ಒಂದರ ಬೆನ್ನಿಗೆ ಇನ್ನೊಂದು ಬರುತ್ತವೆ. ಹೈಗ, ಕಿರಾಳ್‌ಬೋಗಿಗಳ ರೆಕ್ಕೆಯನ್ನು ಮುರಿದು, ಬೀಜವನ್ನು ಮರಳಿನಲ್ಲಿ ಅರ್ಧ ಹುಗಿದರೆ ಸಾಕು. ಹೆಬ್ಬಲಸಿನ ಬೀಜವನ್ನು ತೊಳೆದು ಅಂದೇ ಹಾಕಬೇಕು. ಧೂಪದ ಬೀಜವನ್ನು ಮಣ್ಣಿನಲ್ಲಿ ಮುಚ್ಚಿ ಕೂರಿಸುವ ಬದಲು ಅಡ್ಡವಾಗಿ ಮಲಗಿಸಿ ತರಗೆಲೆ ಹೊದಿಸುವುದು ನನಗೆ ಹೆಚ್ಚು ಫಲ ಕೊಟ್ಟಿದೆ.

ಇನ್ನು ಕೆಲವು ಮರಗಳ ಬೀಜ ಇಷ್ಟು ಬೇಗ ಮೊಳೆಯುವುದಿಲ್ಲ. ಪುನರ್ಪುಳಿ ಏಪ್ರಿಲ್, ಮೇ ತಿಂಗಳಲ್ಲಿ ಸಿಪ್ಪೆಗೆಂದು ಒಡೆಯುವಾಗಲೇ ಸಿಗುತ್ತದೆ. ಅದರ ತಿರುಳನ್ನು ತೊಳೆದು ಬಿತ್ತಿದರೂ ಮೊಳಕೆಗೆ ವಾರಗಟ್ಟಲೆ ಕಾಯಬೇಕು. ಅದರ ದಾಯಾದಿಯಾದ ಉಪ್ಪಾಗೆಯಂತೂ ಐದಾರು ತಿಂಗಳು ಸುಮ್ಮನಿದ್ದುಬಿಡುತ್ತದೆ. ಮೇಲಿನ ಗಟ್ಟಿ ಸಿಪ್ಪೆಯನ್ನು ಬೀಜಕ್ಕೆ ಗಾಯವಾಗದಂತೆ ತೆಗೆದರೆ ಬೇಗ ಏಳುತ್ತದೆ. ಸುರಹೊನ್ನೆಯ ಗುಂಡು ಕಾಯಿಯ ಚಿಪ್ಪನ್ನು ಬಿರುಕು ಬಿಡುವಷ್ಟು ಮೆಲ್ಲಗೆ ಒಡೆಯಬೇಕು. ಬೈನೆಯ ಹಣ್ಣಿನ ತಿರುಳು ಕೈಗೆ ವಿಪರೀತ ತುರಿಕೆ ತರಿಸುವುದರಿಂದ ಕೈಗವಸು ಹಾಕಿಯೇ ಮುಟ್ಟಬೇಕು. ಪುನುಗು ಬೆಕ್ಕು ತಿಂದು ಬಂಡೆಯ ಮೇಲೆ ಹಾಕಿ ಹೋದ ಹಿಕ್ಕೆಯಲ್ಲಿ ಬೈನೆಯ ಬೀಜ ಶುಚಿಯಾಗಿ ಸಿಗುತ್ತದೆ, ಅದನ್ನು ತರುವುದಕ್ಕೆ ನಾಚಬೇಕಾಗಿಲ್ಲ. ಆಟಿ (ತುಳುವರ ಜುಲೈ-ಆಗಸ್ಟ್ ತಿಂಗಳು) ಅಮಾವಾಸ್ಯೆಯ ಕಷಾಯಕ್ಕೆ ತೊಗಟೆ ಕೊಡುವ ಪಾಲೆಮರದ ಉದ್ದನೆಯ ಕೋಡುಗಳು ಮಾತ್ರ ಬೇಸಿಗೆಯಲ್ಲಿಯೇ ಒಣಗಿ ಸಿಡಿದು ಹತ್ತಿಯಂತಹ ಬೀಜ ಬಿಡುತ್ತವೆ. ಅವು ಒಣ ಬೀಜಗಳಾದ್ದರಿಂದ ಮಳೆಯವರೆಗೆ ಇಟ್ಟು ಬಿತ್ತಬಹುದು. ಚೇರೆ ಕಾಡಿಗೆ ಎಷ್ಟೇ ಮುಖ್ಯವಾದ ಮರವಾದರೂ ಅದರ ಸೊನೆ ಮೈ ಸುಡುವುದರಿಂದ ಹೊಸಬರು ಅದರ ತಂಟೆಗೆ ಹೋಗಬಾರದು.

ಹೆಕ್ಕುವಲ್ಲಿ ಎರಡು ಮಿತಿಗಳನ್ನು ಪಾಲಿಸಬೇಕು. ಒಂದು ಮರದಡಿಯ ಬೀಜದಲ್ಲಿ ಕಾಲುಭಾಗಕ್ಕಿಂತ ಹೆಚ್ಚು ತರಬಾರದು. ಉಳಿದದ್ದು ಮುಳ್ಳುಹಂದಿ, ಹೆಗ್ಗಣ, ಹಕ್ಕಿಗಳಿಗೂ ಆ ನೆಲಕ್ಕೂ ಸೇರಿದ್ದು. ಒಂದೇ ಮರದಿಂದ ಎಲ್ಲವನ್ನೂ ತಂದರೆ ನೆಟ್ಟದ್ದೆಲ್ಲ ಒಡಹುಟ್ಟುಗಳ ಕಾಡಾಗುತ್ತದೆ, ಆದ್ದರಿಂದ ಜಾತಿಗೆ ನಾಲ್ಕೈದು ತಾಯಿಮರಗಳಾದರೂ ಇರಬೇಕು. ಎರಡನೆಯ ಮಿತಿ ಕಾನೂನಿನದು. ಸೋಮೇಶ್ವರ, ಮೂಕಾಂಬಿಕಾ ವನ್ಯಧಾಮಗಳಿಂದಾಗಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನದಿಂದಾಗಲಿ ಮೀಸಲು ಅರಣ್ಯದಿಂದಾಗಲಿ ಅನುಮತಿ ಇಲ್ಲದೆ ಒಂದು ಬೀಜವನ್ನೂ ತರುವಂತಿಲ್ಲ. ರಸ್ತೆ ಬದಿ, ಮನೆಯ ಹಿತ್ತಲು, ಹೇಳಿ ಕೇಳಿ ಹೋದ ದೇವಸ್ಥಾನದ ವಠಾರ, ಇಷ್ಟೇ ನಮಗೆ ಸಾಕು. ಆಗುಂಬೆಯ ಮೇಲಿನ ಬಲಗಿ ಮರದ ಬೀಜ ಸಿಕ್ಕರೂ ಕರಾವಳಿಯ ಸೆಕೆಗೆ ಅದನ್ನು ತರುವುದರಲ್ಲಿ ಅರ್ಥವಿಲ್ಲ. ಬೀಜ ನಮ್ಮ ಊರಿನದೇ, ಹೆಚ್ಚೆಂದರೆ ನೆರೆಯ ತಾಲೂಕಿನದೇ ಆಗಿರಲಿ.

ಸಸಿಮಡಿ

ಬಾವಿಯ ಹತ್ತಿರ, ಬೆಳಗ್ಗಿನ ಬಿಸಿಲು ಮಾತ್ರ ಬೀಳುವ ಕಡೆ ಸಸಿಮಡಿ ಮಾಡಬೇಕು. ಮಡಲು ಅಥವಾ ಅಡಿಕೆ ಸೋಗೆಯ ಚಪ್ಪರ ಅರ್ಧದಷ್ಟು ನೆರಳು ಕೊಟ್ಟರೆ ಸಾಕು. ಆಟಿಯ ಜಡಿಮಳೆಯಲ್ಲಿ ಚಪ್ಪರದಿಂದ ತೊಟ್ಟಿಕ್ಕುವ ದಪ್ಪ ಹನಿಗಳು ಮಣ್ಣನ್ನು ತೋಡಿ ಮೊಳಕೆಯ ಬುಡವನ್ನು ಕೊಳೆಸುತ್ತವೆ, ಆದ್ದರಿಂದ ಆ ತಿಂಗಳು ಸೋಗೆಯನ್ನು ವಿರಳ ಮಾಡಬೇಕು. ಮಡಿಯನ್ನು ನೆಲದಿಂದ ಒಂದು ಅಡಿ ಎತ್ತರಿಸಿ, ತಳಕ್ಕೆ ಮುರಕಲ್ಲಿನ ಚೂರು, ಮೇಲೆ ಒರಟು ಮರಳು ಹಾಕಿದರೆ ನೀರು ನಿಲ್ಲುವುದಿಲ್ಲ.

ಚೀಲದ ಮಣ್ಣಿನ ವಿಷಯದಲ್ಲಿ ನಮ್ಮ ಅಜ್ಜಿಯರ ಮಾತನ್ನು ಈ ಒಂದು ಸಲ ಮೀರಬೇಕಾಗುತ್ತದೆ. ಹೂವಿನ ಗಿಡಕ್ಕೂ ಮಲ್ಲಿಗೆಗೂ ಸುಡುಮಣ್ಣಿನಷ್ಟು ಒಳ್ಳೆಯದು ಬೇರೊಂದಿಲ್ಲ, ನಿಜ. ಆದರೆ ಧೂಪ, ಹೈಗಗಳ ಬೇರಿಗೆ ಶಿಲೀಂಧ್ರಗಳ ಸಹವಾಸ ಬೇಕು. ಬೇರಿನ ತುದಿಯನ್ನು ಸುತ್ತಿಕೊಂಡು ಬೆಳೆಯುವ ಈ ಶಿಲೀಂಧ್ರಗಳು ಮಣ್ಣಿನಿಂದ ರಂಜಕವನ್ನೂ ನೀರನ್ನೂ ತಂದು ಕೊಡುತ್ತವೆ, ಮರ ಅದಕ್ಕೆ ಬದಲಾಗಿ ಸಕ್ಕರೆ ಕೊಡುತ್ತದೆ. ಸುಟ್ಟ ಮಣ್ಣಿನಲ್ಲಿ ಅವು ಬದುಕಿರುವುದಿಲ್ಲ. ಆದ್ದರಿಂದ ಎರಡು ಪಾಲು ಸಾಮಾನ್ಯ ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಹಟ್ಟಿಗೊಬ್ಬರ ಬೆರೆಸಿ, ಪ್ರತಿ ಚೀಲಕ್ಕೂ ತಾಯಿಮರದ ಬುಡದಿಂದ ತಂದ ಮಣ್ಣನ್ನು ಒಂದೊಂದು ಮುಷ್ಟಿ ಹಾಕಬೇಕು.

ಧೂಪದ ತಾಯಿಬೇರು ಎಲೆ ಬಿಡುವ ಮೊದಲೇ ಕೆಳಗೆ ಇಳಿಯುತ್ತದೆ. ಪೇಟೆಯ ಸಣ್ಣ ಚೀಲದಲ್ಲಿ ಅದು ತಳ ತಾಗಿ ಸುರುಳಿ ಸುತ್ತಿಕೊಳ್ಳುತ್ತದೆ. ಹಾಗೆ ಸುರುಳಿಯಾದ ಸಸಿಯನ್ನು ನೆಟ್ಟರೆ ಮೇಲ್ನೋಟಕ್ಕೆ ನಾಲ್ಕಾರು ವರ್ಷ ಚೆನ್ನಾಗಿಯೇ ಇದ್ದು, ಒಂದು ಗಾಳಿಮಳೆಗೆ ಮಗುಚಿ ಬೀಳಬಹುದು. ದೊಡ್ಡ ಬೀಜದ ಮರಗಳಿಗೆ ಕನಿಷ್ಠ 8 ಇಂಚು ಅಗಲ, 12 ಇಂಚು ಎತ್ತರದ ಚೀಲ ಬೇಕು. ಮೂರು ತಿಂಗಳಿಗೊಮ್ಮೆ ಚೀಲವನ್ನು ಎತ್ತಿ ಪಕ್ಕಕ್ಕಿಟ್ಟರೆ ನೆಲಕ್ಕೆ ಇಳಿಯುತ್ತಿರುವ ಬೇರು ಅಲ್ಲಿಗೇ ತುಂಡಾಗುತ್ತದೆ. ಬಸವನಹುಳುಗಳನ್ನು ರಾತ್ರಿ ಟಾರ್ಚು ಹಿಡಿದು ಹೆಕ್ಕುವುದಲ್ಲದೆ ಸುಲಭ ದಾರಿ ನನಗೆ ಸಿಕ್ಕಿಲ್ಲ.

ಸಸಿ ಎರಡು ಅಡಿ ಎತ್ತರವಾಗುವವರೆಗೆ ಸಸಿಮಡಿಯಲ್ಲಿಯೇ ಇರಬೇಕು. ಉಪ್ಪಳಿಗೆ, ಪಾಲೆಯಂತಹ ಬೇಗ ಬೆಳೆಯುವ ಮರಗಳಿಗೆ ಒಂದು ವರ್ಷ ಸಾಕಾದರೆ, ಧೂಪ, ರಾಂಪತ್ರೆ, ಉಪ್ಪಾಗೆಗಳಿಗೆ ಎರಡು ವರ್ಷ ಬೇಕು. ನೆಡುವ ಮೊದಲಿನ ಎರಡು ತಿಂಗಳು ಚಪ್ಪರವನ್ನು ಸ್ವಲ್ಪ ಸ್ವಲ್ಪವೇ ತೆಗೆದು, ನೀರನ್ನೂ ಕಡಿಮೆ ಮಾಡಿ ಸಸಿಯನ್ನು ಬಿಸಿಲಿಗೆ ಹದಗೊಳಿಸಬೇಕು.

ನೆಡುವುದು

ಮೊದಲ ಮಳೆ ಬಿದ್ದ ಮರುದಿನವೇ ನೆಡಬಾರದು. ಆರಂಭದ ಮಳೆ ಬಂದು ಹತ್ತು ದಿನ ಮುಖ ಮರೆಸುವುದು ನಮ್ಮಲ್ಲಿ ಮಾಮೂಲು. ಗುಂಡಿಯ ಮಣ್ಣು ಒಂದು ಮೊಳ ಆಳಕ್ಕೆ ಒದ್ದೆಯಾಗಿದೆಯೆಂದು ಕೈಯಿಂದ ಮುಟ್ಟಿ ನೋಡಿದ ಮೇಲೆ, ಅಂದರೆ ಹೆಚ್ಚಾಗಿ ಜೂನ್ ನಡುವಿನಿಂದ ಜುಲೈ ನಡುವಿನೊಳಗೆ ನೆಡಬೇಕು. ಆಗಸ್ಟಿನಲ್ಲಿ ನೆಟ್ಟ ಸಸಿಗೆ ಬೇರೂರಲು ಸಿಗುವ ಕಾಲ ಕಡಿಮೆ. ಡಿಸೆಂಬರಿನಿಂದ ಮೇವರೆಗೆ ಒಣಗುವ ನಮ್ಮ ನೆಲದಲ್ಲಿ ಅದು ಪೆಟ್ಟು ತಿನ್ನುತ್ತದೆ.

ಎರಡು ಮೀಟರ್ ಅಂತರದಲ್ಲಿ ನೆಟ್ಟರೆ ಒಂದು ಸೆಂಟ್ಸಿಗೆ ಹತ್ತು ಸಸಿ ಹಿಡಿಯುತ್ತವೆ. ಆದರೆ ಹಗ್ಗ ಹಿಡಿದು ಸಾಲು ಹೊಡೆಯುವ ಅಗತ್ಯವಿಲ್ಲ, ನಮಗೆ ಬೇಕಾದದ್ದು ತೋಟವಲ್ಲ. ಈಗಾಗಲೇ ಇರುವ ಉಪ್ಪಳಿಗೆ, ಕುಂಟುನೇರಳೆ, ಕಾಸರಕದ ಗಿಡಗಳನ್ನು ಕಡಿಯದೆ ಅವುಗಳ ನೆರಳಿನಲ್ಲಿ ಧೂಪ, ರಾಂಪತ್ರೆಗಳನ್ನೂ, ಬಿಸಿಲು ಬೀಳುವ ತೆರವಿನಲ್ಲಿ ಬೇಗ ಬೆಳೆಯುವವುಗಳನ್ನೂ, ತೋಡಿನ ಬದಿಗೆ ನೀರು ಸಹಿಸುವವುಗಳನ್ನೂ ಹಾಕಬೇಕು. ಅಕೇಶಿಯಾ ಇದ್ದರೆ ಒಮ್ಮೆಲೇ ಕಡಿದು ಬೋಳು ಮಾಡಿದಲ್ಲಿ ಮರುವರ್ಷವೇ ಕಮ್ಯುನಿಸ್ಟ್ ಗಿಡ ಆಳೆತ್ತರ ಬೆಳೆದು ನಿಲ್ಲುತ್ತದೆ. ಮೂರನೆಯ ಒಂದು ಭಾಗವನ್ನು ಮಾತ್ರ ತೆಗೆದು, ಉಳಿದದ್ದರ ನೆರಳಿನಲ್ಲಿ ಸಸಿಗಳು ಮೇಲೇಳುವವರೆಗೆ ತಡೆಯುವುದು ಲೇಸು.

ಗುಂಡಿ ಒಂದೂವರೆ ಅಡಿ ಉದ್ದಗಲ ಆಳ ಇದ್ದರೆ ಸಾಕು. ರಾಸಾಯನಿಕ ಗೊಬ್ಬರ ಬೇಡ, ಅದು ಸಸಿಗಿಂತ ಮೊದಲು ಕಳೆಗೆ ತಲುಪುತ್ತದೆ. ಕಳೆಯನ್ನು ವರ್ಷಕ್ಕೆ ಎರಡು ಸಲ, ಮಳೆ ಕಡಿಮೆಯಾದ ಸೆಪ್ಟೆಂಬರಿನಲ್ಲಿಯೂ ಬೇಸಿಗೆಗೆ ಮೊದಲು ಡಿಸೆಂಬರಿನಲ್ಲಿಯೂ ಸಸಿಯ ಸುತ್ತ ಒಂದು ಮೀಟರಿನಷ್ಟು ಮಾತ್ರ ಕೈಯಿಂದ ಕಿತ್ತು, ಕಿತ್ತದ್ದನ್ನೇ ಬುಡಕ್ಕೆ ಹೊದಿಸಬೇಕು. ಹುಲ್ಲು ಕತ್ತರಿಸುವ ಯಂತ್ರ ತಂದ ಕೂಲಿಯಾಳು ಒಂದು ಗಂಟೆಯಲ್ಲಿ ನನ್ನ ನಲವತ್ತು ಸಸಿಗಳನ್ನು ಹುಲ್ಲಿನ ಜೊತೆ ನೆಲಸಮ ಮಾಡಿದ್ದ. ತಪ್ಪು ಅವನದಲ್ಲ, ಸಸಿಗೆ ಕೆಂಪು ಬಟ್ಟೆ ಕಟ್ಟಿದ ಕೋಲು ನೆಡದ ನನ್ನದು. ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ಒಂದು ಕೊಡ ನೀರು ಹಾಕಬೇಕು. ಎರಡನೆಯ ಬೇಸಿಗೆಯಿಂದ ನಿಲ್ಲಿಸಬೇಕು.

ಮೈ ಮೇಲೆ ಎಚ್ಚರ

ಉಂಬಳದಿಂದ ಆಗುವುದು ಕಿರಿಕಿರಿ ಮಾತ್ರ. ಉಣುಗು ಹಾಗಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ, ನಮ್ಮ ಜಿಲ್ಲೆಗಳಲ್ಲಿಯೂ ಕಾಣಿಸಿಕೊಂಡಿದೆ. ಡಿಸೆಂಬರಿನಿಂದ ಮೇವರೆಗೆ ಕಾಡಂಚಿನಲ್ಲಿ ಕೆಲಸ ಮಾಡುವಾಗ ಉದ್ದ ಬಟ್ಟೆ ಧರಿಸಿ, ಬಂದೊಡನೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ತೊಳೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಬೇಕು. ತರಗೆಲೆ ಬಗೆಯುವ ಮೊದಲು ಕೋಲಿನಿಂದ ತಡವಬೇಕು. ನಮ್ಮಲ್ಲಿ ಸಿಗುವ ಪ್ರತಿವಿಷ ನಾಗರ, ಕಟ್ಟುಹಾವು, ಕನ್ನಡಿ ಹಾವು (ಕೊಳಕುಮಂಡಲ), ಗರಗಸ ಮಂಡಲ ಈ ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು, ಘಟ್ಟದ ಬುಡದ ಗುಳಿಮಂಡಲಗಳಿಗೆ ಅದು ಹೊಂದುವುದಿಲ್ಲ. ಆದರೂ ಕಚ್ಚಿದರೆ ಕೊಯ್ಯದೆ, ಬಿಗಿದು ಕಟ್ಟದೆ, ನೇರ ಆಸ್ಪತ್ರೆಗೇ ಹೋಗಬೇಕು.

ಲೆಕ್ಕ

ನೆಟ್ಟ ದಿನವೇ ಪ್ರತಿ ಸಸಿಗೂ ಸಂಖ್ಯೆ ಕೊಡಬೇಕು. ಹಳೆಯ ಪಾನೀಯದ ಡಬ್ಬಿಯ ಅಲ್ಯುಮಿನಿಯಂ ಹಾಳೆಯನ್ನು ಕತ್ತರಿಸಿ, ಮೊಳೆಯಿಂದ ಅಂಕಿ ಒತ್ತಿ, ಸಸಿಗಲ್ಲದೆ ಪಕ್ಕದ ಕೋಲಿಗೆ ಕಟ್ಟಿದರೆ ಹತ್ತು ಮಳೆಗಾಲ ಬಾಳುತ್ತದೆ. ಮಾರ್ಕರ್ ಪೆನ್ನಿನ ಬರಹ ಎರಡನೆಯ ವರ್ಷಕ್ಕೆ ಮಾಯವಾಗುತ್ತದೆ. ನೋಟ್‌ಬುಕ್ಕಿನಲ್ಲಿ ಪೆನ್ಸಿಲ್ಲಿನಿಂದಲೇ ಬರೆಯಬೇಕು. ಸಂಖ್ಯೆ, ಜಾತಿ, ತಾಯಿಮರ ಯಾವುದು, ಬಿತ್ತಿದ ದಿನ, ನೆಟ್ಟ ದಿನ, ಎತ್ತರ ಇಷ್ಟು ಮೊದಲ ಪುಟಕ್ಕೆ. ಆಮೇಲೆ ವರ್ಷಕ್ಕೊಮ್ಮೆ, ನವರಾತ್ರಿಯ ಬಿಡುವಿನಲ್ಲಿಯೋ ದೀಪಾವಳಿಗೋ ಒಂದು ದಿನ ಗೊತ್ತುಮಾಡಿ, ಬದುಕಿದೆಯೇ, ಎಷ್ಟು ಎತ್ತರ, ಯಾರು ತಿಂದರು ಎಂದು ಬರೆಯುತ್ತ ಹೋಗುವುದು. ಸತ್ತ ಸಸಿಯ ಸಂಖ್ಯೆಯನ್ನು ಹೊಸದಕ್ಕೆ ಕೊಡಬಾರದು, ಅದು ಸತ್ತದ್ದಾಗಿಯೇ ಪುಸ್ತಕದಲ್ಲಿ ಉಳಿಯಬೇಕು. ಯಾವ ಜಾತಿ ಎಲ್ಲಿ ಸಾಯುತ್ತದೆಂಬುದೇ ಮುಂದಿನ ವರ್ಷ ಏನನ್ನು ಎಲ್ಲಿ ನೆಡಬೇಕೆಂದು ಹೇಳುತ್ತದೆ.

ಸಸಿ ಆಳೆತ್ತರ ದಾಟಿದ ಮೇಲೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಟೇಪು ಸುತ್ತಿ ಸುತ್ತಳತೆ ತೆಗೆಯಬೇಕು. ಅದನ್ನು 3.14ರಿಂದ ಭಾಗಿಸಿದರೆ ವ್ಯಾಸ ಸಿಗುತ್ತದೆ. ಬ್ಯಾರೋ ಕೊಲರಾಡೋದಲ್ಲಿಯೂ ಅಳೆಯುವ ಎತ್ತರ ಅದೇ. ಇಳಿಜಾರಿನಲ್ಲಿ ಮೇಲ್ಬದಿಯಿಂದ ಅಳೆಯುವುದು, ಅಳೆದ ಕಡೆ ತೆಳ್ಳಗೆ ಬಣ್ಣದ ಗೆರೆ ಎಳೆಯುವುದು ವಾಡಿಕೆ. ವರ್ಷಕ್ಕೊಮ್ಮೆ ಅದೇ ಕಲ್ಲಿನ ಮೇಲೆ ನಿಂತು ಅದೇ ದಿಕ್ಕಿಗೆ ಒಂದು ಫೋಟೋವನ್ನೂ ತೆಗೆದಿಡಬೇಕು.

ನಾಲ್ಕನೆಯ, ಐದನೆಯ ವರ್ಷಕ್ಕೆ ನೆರಳು ಕೂಡಿ ಕಳೆ ತಾನಾಗಿ ಹಿಂದೆಗೆಯುವಾಗ, ನೀವು ನೆಡದ ಸಸಿಗಳು ಅಲ್ಲಲ್ಲಿ ಕಾಣತೊಡಗುತ್ತವೆ. ಹಣ್ಣು ತಿಂದು ಕೊಂಬೆಯಲ್ಲಿ ಕೂತ ಹಕ್ಕಿಯೋ ರಾತ್ರಿ ದಾಟಿಹೋದ ಪುನುಗೋ ಬಿಟ್ಟುಹೋದದ್ದು ಅವು. ಅವುಗಳಿಗೆ ಬೇರೆ ಬಣ್ಣದ ದಾರ ಕಟ್ಟಿ, ಪುಸ್ತಕದ ಹಿಂಬದಿಯಿಂದ ಹೊಸ ಪಟ್ಟಿ ಆರಂಭಿಸಿ, ನೆಟ್ಟವುಗಳ ಜೊತೆ ಸೇರಿಸದೆ ಒಂದರಿಂದಲೇ ಸಂಖ್ಯೆ ಹಾಕಿಕೊಂಡು ಹೋಗಬೇಕು.